ಮೆಡಿಕೇರ್ ಬೇರಿಯಾಟ್ರಿಕ್ ಬಿಲ್ ಆಡಿಟ್: ಮೊದಲು ಏನು ನೋಡಬೇಕು?

ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ಬೇರಿಯಾಟ್ರಿಕ್ (ಬೊಜ್ಜು ಇಳಿಸುವ) ಆಪರೇಷನ್‌ಗಳ, ಅಂದರೆ ಸ್ಲೀವ್ (ಹೊಟ್ಟೆಯನ್ನು ಕತ್ತರಿಸಿ ಕಿರಿದಾಗಿಸುವುದು), ಬೈಪಾಸ್ (ಹೊಟ್ಟೆಯ ಸಣ್ಣ ಭಾಗವನ್ನು ಕರುಳಿಗೆ ಜೋಡಿಸುವುದು) ಕ್ಲೇಮುಗಳ ಆಡಿಟ್ ಹೊಸದಾಗಿ ಕೈಗೆ ಬಂದಿದೆ, ಆಪರೇಷನ್ ಕೋಡ್‌ನಿಂದಲೇ ಶುರು ಮಾಡಲೇ ಎಂದು ಕೇಳಿದ್ದೀರಿ. ಬೇಡ. ಆಪರೇಷನ್‌ಗೆ ಮುಂಚಿನ ದಾಖಲೆ ಮೊದಲು ತೆಗೆಯಿರಿ. ಅದು ನಿಲ್ಲದಿದ್ದರೆ ಕೋಡ್ ಎಷ್ಟೇ ಸರಿಯಿದ್ದರೂ ಕ್ಲೇಮ್ ನಿಲ್ಲುವುದಿಲ್ಲ.

ಮೆಡಿಕೇರ್‌ನ ರಾಷ್ಟ್ರೀಯ ನಿಯಮ 100.1 ಕೇಳುವುದು ಮೂರು: ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 35 ಅಥವಾ ಮೇಲೆ, ಬೊಜ್ಜಿಗೆ ಸಂಬಂಧಿಸಿದ ಒಂದಾದರೂ ಕಾಯಿಲೆ, ಹಿಂದೆ ಮಾಡಿದ ವೈದ್ಯಕೀಯ ಚಿಕಿತ್ಸೆ ಫಲಿಸದೇ ಇದ್ದದ್ದು. ಮೂರೂ ಬೇಕು. ಬಿಎಂಐ 40 ದಾಟಿದರೆ ಬೇರೆ ಕಾಯಿಲೆ ಇಲ್ಲದಿದ್ದರೂ ನಡೆಯುತ್ತದೆ ಎಂದು ಖಾಸಗಿ ವಿಮೆಯ ರೂಢಿಯಲ್ಲಿ ಬಿಟ್ಟುಬಿಡಬೇಡಿ.

ಬಿಎಂಐ ಅನ್ನು ನೀವೇ ಲೆಕ್ಕ ಹಾಕಿ. 207 ಪೌಂಡ್ ತೂಕಕ್ಕೆ ಎತ್ತರ 5 ಅಡಿ 4 ಅಂಗುಲ ಎಂದಿದ್ದರೆ 35.5, 5 ಅಡಿ 5 ಅಂಗುಲವಾದರೆ 34.4. ಒಂದೇ ಅಂಗುಲದಲ್ಲಿ ಕ್ಲೇಮ್ ಬಿದ್ದುಹೋಗುತ್ತದೆ. ಹಾಗಾಗಿ ಸರ್ಜನ್ ನೋಟ್, ನರ್ಸ್ ಚಾರ್ಟ್, ಅನಸ್ತೇಷಿಯಾ ಶೀಟ್ ಮೂರರಲ್ಲೂ ಎತ್ತರ ಹೊಂದುತ್ತದೆಯೇ ನೋಡಿ. ಡಯಾಬಿಟಿಸ್ ಎಂದು ಪಟ್ಟಿಯಲ್ಲಿ ಬರೆದಿದ್ದರಷ್ಟೇ ಸಾಲದು. ಎ1ಸಿ (ಕಳೆದ ಕೆಲವು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ), ಮಾತ್ರೆಗಳ ವಿವರ ಹುಡುಕಿ. ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ) ಆದರೆ ಸ್ಲೀಪ್ ಸ್ಟಡಿ. "ಡಯಟ್ ಮಾಡಿದ್ದಾರೆ, ಇಳಿದಿಲ್ಲ" ಎಂಬ ಒಂದು ಸಾಲು ಫಲಿಸದ ಚಿಕಿತ್ಸೆಗೆ ಪುರಾವೆಯಾಗುವುದಿಲ್ಲ. ತಾರೀಖು, ತೂಕ, ಯಾರ ಉಸ್ತುವಾರಿ ಎಂಬುದು ಬೇಕು. ಎಷ್ಟು ತಿಂಗಳು ಎಂದು ರಾಷ್ಟ್ರೀಯ ನಿಯಮ ಹೇಳಿಲ್ಲ. ಆ ಪ್ರದೇಶದ ಮ್ಯಾಕ್ (ಮೆಡಿಕೇರ್ ಪರವಾಗಿ ಕ್ಲೇಮ್ ನೋಡುವ ಗುತ್ತಿಗೆ ಸಂಸ್ಥೆ) ಹೇಳಿರಬಹುದು; ಆಪರೇಷನ್ ದಿನ ಜಾರಿಯಲ್ಲಿದ್ದ ಅದರ ನಿಯಮದ ಪ್ರತಿಯನ್ನೇ ಓದಿ. 2012ರಿಂದ ಲ್ಯಾಪರೋಸ್ಕೋಪಿಕ್ (ಸಣ್ಣ ರಂಧ್ರಗಳ ಮೂಲಕ ಮಾಡುವ) ಸ್ಲೀವ್‌ಗೆ ಹಣ ಕೊಡಬೇಕೇ ಎಂಬ ನಿರ್ಧಾರವೂ ಮ್ಯಾಕ್ ಕೈಯಲ್ಲೇ ಇದೆ. ಹಳೆ ಚೆಕ್‌ಲಿಸ್ಟಿನಲ್ಲಿ ಆಸ್ಪತ್ರೆಯ ಬೇರಿಯಾಟ್ರಿಕ್ ಸರ್ಟಿಫಿಕೇಟ್ ಕೇಳಿದ್ದರೆ ಹೊಡೆದುಹಾಕಿ, ಆ ಷರತ್ತು 2013ರ ಸೆಪ್ಟೆಂಬರ್‌ನಲ್ಲೇ ಹೋಯಿತು.

ಆಮೇಲೆ ಆಪರೇಷನ್ ನೋಟ್; ಬಿಲ್ಲಿನ ಕೋಡ್ ಅದಕ್ಕೆ ಹೊಂದಬೇಕು. ಲ್ಯಾಪರೋಸ್ಕೋಪಿಕ್ ಆಪರೇಷನ್‌ಗಳ ಕೋಡ್ ಇವು: ಸ್ಲೀವ್‌ಗೆ 43775. ಬೈಪಾಸ್‌ನಲ್ಲಿ ರೂ ಲಿಂಬ್ (ಹೊಟ್ಟೆಗೆ ಜೋಡಿಸಿದ ಕರುಳಿನ ತುಂಡು) 150 ಸೆಂಟಿಮೀಟರ್‌ವರೆಗೆ 43644. ಅದಕ್ಕಿಂತ ಉದ್ದವಾಗಿ, ಆಹಾರದ ಹೀರಿಕೆ ತಗ್ಗಿಸಲು ಸಣ್ಣ ಕರುಳನ್ನು ಮರುಜೋಡಿಸಿದ್ದರೆ 43645. ಉದ್ದವನ್ನೇ ಬರೆಯದೆ 43645 ಹಾಕಿದ್ದರೆ ಸರ್ಜನ್‌ಗೆ ಕ್ವೆರಿ ಕಳಿಸಿ. ಹೊಲಿಗೆ ಸೋರುತ್ತದೆಯೇ ಎಂದು ನೋಡಲು ಅಲ್ಲೇ ಮಾಡಿದ ಎಂಡೋಸ್ಕೋಪಿಗೆ ಪ್ರತ್ಯೇಕ ಬಿಲ್ ಇಲ್ಲ.

ಆಸ್ಪತ್ರೆಯ ಬಿಲ್ಲಿನಲ್ಲಿ ದೊಡ್ಡ ಮೊತ್ತ ಅಡಗಿರುವುದು ಕಾಯಿಲೆ, ಚಿಕಿತ್ಸೆ ನೋಡಿ ದರ ನಿಗದಿಪಡಿಸುವ ಗುಂಪಾದ ಡಿಆರ್‌ಜಿಯಲ್ಲಿ. ಕಡಿಮೆ ದರದ 621ರಿಂದ ಹೆಚ್ಚು ದರದ 619ಕ್ಕೆ ಏರಿಸಲು ಒಂದೇ ಎಂಸಿಸಿ (ಗಂಭೀರ ತೊಡಕು ಅಥವಾ ಜೊತೆಗಿರುವ ಗಂಭೀರ ಕಾಯಿಲೆ) ಸಾಕು. ಅದು ಅಕ್ಯೂಟ್ ರೆಸ್ಪಿರೇಟರಿ ಫೇಲ್ಯೂರ್ (ಹಠಾತ್ ಉಸಿರಾಟ ವೈಫಲ್ಯ) ಆಗಿದ್ದರೆ ಬ್ಲಡ್ ಗ್ಯಾಸ್, ಉಸಿರಿನ ವೇಗ, ವೆಂಟಿಲೇಟರ್ ಗಂಟೆಗಳನ್ನು ನೋಡಿ. ರಿಕವರಿಯಲ್ಲಿ ಎಲ್ಲರಿಗೂ ಕೊಡುವ 2 ಲೀಟರ್ ಆಕ್ಸಿಜನ್ ಆಧಾರದ ಮೇಲೆ ಆ ಕೋಡ್ ಹಾಕಿದ್ದರೆ ನಾನು ಒಪ್ಪುವುದಿಲ್ಲ.

ಕೊನೆಗೆ 90 ದಿನಗಳ ಗ್ಲೋಬಲ್ ಅವಧಿ (ಫಾಲೋ-ಅಪ್ ಕೂಡ ಆಪರೇಷನ್ ಶುಲ್ಕದಲ್ಲೇ ಸೇರಿರುವ ಅವಧಿ): ಅದೇ ಸರ್ಜನ್‌ನ ಮಾಮೂಲಿ ಫಾಲೋ-ಅಪ್ ಬಿಲ್ಲುಗಳನ್ನು ತಳ್ಳಿಹಾಕಿ. ತೊಡಕಿಗಾಗಿ ಮತ್ತೆ ಆಪರೇಷನ್ ಕೋಣೆಗೆ ಕರೆದೊಯ್ದಿದ್ದರೆ ಮಾತ್ರ ಕೋಡ್ ಜೊತೆ ಹಾಕುವ ಗುರುತು, ಮಾಡಿಫೈಯರ್ 78.