ಕೊರೋನಾ ಕಾಲದ ಆನ್‌ಲೈನ್ ಪಾಠದ ಬಗ್ಗೆ ಬಳ್ಳಾರಿ, ರಾಯಚೂರು ಕಡೆಯ ಡಿಗ್ರಿ ವಿದ್ಯಾರ್ಥಿಗಳು ಏನಂತಾರೆ?

ಎಲ್ಲರದ್ದೂ ಒಂದೇ ಮಾತಲ್ಲ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಕಾಲೇಜುಗಳು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ. ಅಲ್ಲಿಯವರೆಗೆ ಪಾಠ ಅಂದ್ರೆ ಗೂಗಲ್ ಮೀಟ್, ಇಲ್ಲಾ ವಾಟ್ಸಾಪ್‌ಗೆ ಬರುವ ಪಿಡಿಎಫ್. ಬಳ್ಳಾರಿ ಪೇಟೆಯಲ್ಲಿದ್ದವರು ಹೇಗೋ ನಿಭಾಯಿಸಿದರು. ರೂಮ್ ಬಾಡಿಗೆ ಉಳಿಯಿತು ಅನ್ನುವವರೂ ಇದ್ದಾರೆ.

ದೇವದುರ್ಗ, ಲಿಂಗಸುಗೂರು ಕಡೆ ಹಳ್ಳಿಯವರ ಗೋಳೇ ಬೇರೆ. ಮನೆಗೊಂದೇ ಸ್ಮಾರ್ಟ್‌ಫೋನ್, ಅದೂ ಅಣ್ಣನ ಜೇಬಿನಲ್ಲಿ. ಸಿಗ್ನಲ್ ಬೇಕಂದ್ರೆ ಮಾಳಿಗೆ ಹತ್ತಬೇಕು. ಹತ್ತಿ ಬಿಡಿಸುವಾಗ ಮನೆಯಲ್ಲೇ ಇರುವ ಹುಡುಗಿಯನ್ನು ಹೊಲಕ್ಕೆ ಕರೆಯದೆ ಬಿಡ್ತಾರಾ? ಹಾಜರಿ ಕಡಿಮೆಯಾದದ್ದಕ್ಕೆ ಸುಮ್ನೆ ಸೋಮಾರಿತನ ಅಂದುಬಿಡೋದು ತಪ್ಪು.

ಜಾಸ್ತಿ ಬೇಸರ ಬಿಎಸ್ಸಿಯವರದ್ದು. ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ ಬ್ಯುರೆಟ್ ಹಿಡಿಯದೆ ಟೈಟ್ರೇಶನ್ ಅನ್ನೋ ಕೆಮಿಸ್ಟ್ರಿ ಪ್ರಯೋಗ ಕಲಿಯೋದು ಹೇಗೆ? ರೆಕಾರ್ಡ್ ಮಾಡಿದ ಪಾಠ ಮಾತ್ರ ಹಲವರಿಗೆ ಹಿಡಿಸಿತು. ರಾತ್ರಿ ಪುರುಸೊತ್ತಾದಾಗ ನೋಡಬಹುದು, ಅರ್ಥವಾಗದಿದ್ದರೆ ಮತ್ತೊಮ್ಮೆ ಹಾಕಬಹುದು, ಅಲ್ವಾ?