ಮೂರು ಗಿಡ, ಮೂರು ಬಗೆಯ ನೀರು

ಪ್ರಶ್ನೆ: ತಾರಸಿಯ ಕುಂಡಗಳಲ್ಲಿ ಒಂದೆಲಗ, ದೊಡ್ಡಪತ್ರೆ, ಕರಿಬೇವು ಇವೆ. ದಿನಕ್ಕೆರಡು ಬಾರಿ ಕೊಳವೆಬಾವಿ ನೀರು ಹಾಕಿದರೂ ಒಂದೆಲಗ ಒಣಗುತ್ತಿದೆ, ದೊಡ್ಡಪತ್ರೆಯ ಬುಡ ಕೊಳೆಯುತ್ತಿದೆ. ಏನು ಮಾಡಲಿ?
– ಗೃಹಿಣಿ, ಚಿತ್ರದುರ್ಗ

ಉತ್ತರ: ಮೂರಕ್ಕೂ ಒಂದೇ ಉಪಚಾರ ಸಲ್ಲದು ತಾಯಿ. ಒಂದೆಲಗ ಗದ್ದೆಯ ಬದುವಿನ, ಕಾಲುವೆ ಅಂಚಿನ ಗಿಡ. ನಮ್ಮ ದುರ್ಗದ ಏಪ್ರಿಲ್ ಬಿಸಿಲಿಗೆ ಕಾದ ತಾರಸಿ ಅದಕ್ಕೆ ಒಗ್ಗುವುದಿಲ್ಲ. ಕೆಳಗಿಳಿಸಿ, ಬೆಳಗಿನ ಬಿಸಿಲಷ್ಟೇ ಬೀಳುವ ಕಡೆ ಅಗಲವಾದ ಕುಂಡದಲ್ಲಿ ನೆಡಿ. ಅಕ್ಕಿ ತೊಳೆದ ನೀರನ್ನು ಅದಕ್ಕೇ ಮೀಸಲಿಡಿ. ಗೆಣ್ಣುಗೆಣ್ಣಿಗೆ ಬೇರು ಬಿಟ್ಟು ಹಬ್ಬುತ್ತದೆ.

ದೊಡ್ಡಪತ್ರೆಗೆ ಅತಿಯಾದ ನೀರೇ ಶತ್ರು. ಕೊಳೆತ ಬುಡವನ್ನು ಉಳಿಸಲು ಹೆಣಗಬೇಡಿ. ಗಟ್ಟಿಯಾದ ತುದಿಯನ್ನು ಗೇಣುದ್ದ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ. ಮೇಲ್ಮಣ್ಣು ಒಣಗಿದ ಮೇಲೆಯೇ ನೀರು. ಚೆನ್ನಾಗಿ ಚಿಗುರಿದಾಗ ಹಿಡಿ ಎಲೆಯನ್ನು ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಬೆರೆಸಿ. ಬೇಸಿಗೆಯ ಊಟಕ್ಕೆ ಈ ತಂಬುಳಿಗಿಂತ ಹಿತವಾದದ್ದನ್ನು ನಾನು ಕಾಣೆ.

ಕರಿಬೇವಿನ ಬಗ್ಗೆ ನೀವು ದೂರಿಲ್ಲ. ಆದರೂ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಕಂಡರೆ, ಗಡಸು ನೀರಿನಿಂದ ಕಬ್ಬಿಣದ ಅಂಶ ಬೇರಿಗೆ ದಕ್ಕುತ್ತಿಲ್ಲ ಎಂದು ತಿಳಿಯಿರಿ. ಮಳೆನೀರು ಹಿಡಿದಿಟ್ಟು ಹಾಕಿ, ಕೊಟ್ಟಿಗೆ ಗೊಬ್ಬರ ಕೊಡಿ.