ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಮೇಲ್‌ನ ಗ್ರಾಮರ್, ಸ್ಪೆಲಿಂಗ್ ತಪ್ಪು ಕಡಿಮೆ ಮಾಡಿಕೊಳ್ಳುವುದು ಹೇಗೆ?

ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮ, ಈಗ ಕಂಪನಿ ಕೆಲಸ, ಇಂಗ್ಲಿಷ್‌ನಲ್ಲಿ ಮೇಲ್ ಬರೆದಾಗಲೆಲ್ಲ ಮ್ಯಾನೇಜರ್ ತಿದ್ದಿ ವಾಪಸ್ ಕಳಿಸ್ತಾರೆ, ಯಾವ ಗ್ರಾಮರ್ ಪುಸ್ತಕ ಓದಲಿ ಅಂತ ಕೇಳಿದ್ದೀರಿ. ಪುಸ್ತಕ ಸದ್ಯಕ್ಕೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಗ್ರಾಹಕರಿಗೆ ಹೋಗುವ ಮೇಲ್‌ಗಳನ್ನು ಕಳಿಸುವ ಮುಂಚೆ ಓದಿ ತಿದ್ದುವುದೇ ನನ್ನ ಕೆಲಸ. ಬರೆದವರು ಹಾಸನದವರಿರಲಿ, ಬಳ್ಳಾರಿಯವರಿರಲಿ, ಕನ್ನಡದವರ ತಪ್ಪುಗಳು ಬಹುಮಟ್ಟಿಗೆ ಅವೇ. ಕನ್ನಡದಲ್ಲಿ ನೆಟ್ಟಗೇ ಯೋಚಿಸಿ, ಅದನ್ನೇ ಇಂಗ್ಲಿಷಿಗೆ ಇಳಿಸಿದಾಗ ಆಗುವ ತಪ್ಪುಗಳು. ಎಲ್ಲೆಲ್ಲಿ ಹೀಗೆ ಆಗುತ್ತೆ ಅಂತ ಒಮ್ಮೆ ಗೊತ್ತಾದರೆ ಆ ಜಾಗಗಳನ್ನಷ್ಟೇ ಕಾದರೆ ಸಾಕು.

ನೀವು ಪ್ರಶ್ನೆಯ ಜೊತೆ ಹಾಕಿರುವ ಮೇಲನ್ನೇ ತೆಗೆದುಕೊಳ್ಳೋಣ: "ಐ ಹ್ಯಾಡ್ ಸೆಂಟ್ ದ ಫೈಲ್ ಯೆಸ್ಟರ್‌ಡೇ ಓನ್ಲಿ. ಐ ಆಮ್ ವರ್ಕಿಂಗ್ ಆನ್ ದಿಸ್ ಪ್ರಾಜೆಕ್ಟ್ ಸಿನ್ಸ್ ಟೂ ಮಂತ್ಸ್. ಪ್ಲೀಸ್ ಡಿಸ್ಕಸ್ ಅಬೌಟ್ ದಿಸ್ ವಿತ್ ಯುವರ್ ಸ್ಟಾಫ್ಸ್ ಅಂಡ್ ರಿವರ್ಟ್ ಬ್ಯಾಕ್."

"ನಿನ್ನೆಯೇ ಫೈಲ್ ಕಳಿಸಿದ್ದೆ." ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಈ ವಾಕ್ಯ, ಅಲ್ವಾ? ಇದರಲ್ಲಿ ಎರಡು ಬಲೆ ಇವೆ. ಮೊದಲನೆಯದು "ಕಳಿಸಿದ್ದೆ". ನಿನ್ನೆ ಮೈಸೂರಿಗೆ ಹೋಗಿದ್ದೆ, ಊಟ ಮಾಡಿದ್ದೆ ಅಂತ ಮುಗಿದ ಕೆಲಸಕ್ಕೆಲ್ಲ ನಾವು ಈ ರೂಪವನ್ನು ಧಾರಾಳವಾಗಿ ಬಳಸುತ್ತೇವೆ. ಅದು ಹಾಗೇ "ಹ್ಯಾಡ್ ಸೆಂಟ್", "ಹ್ಯಾಡ್ ಗಾನ್" ಆಗಿಬಿಡುತ್ತದೆ. ಇಂಗ್ಲಿಷ್‌ನವರು ಈ ಹ್ಯಾಡ್ ಅನ್ನು ತೆಗೆಯುವುದು ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಅಂತ ಹೇಳಬೇಕಾದಾಗ. ನಾನು ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಬಸ್ ಹೊರಟುಹೋಗಿತ್ತು ಅನ್ನುವಾಗ "ದ ಬಸ್ ಹ್ಯಾಡ್ ಲೆಫ್ಟ್" ಸರಿ. ನಿನ್ನೆ ಫೈಲ್ ಕಳಿಸಿದ್ದಕ್ಕೆ ಬರೀ "ಐ ಸೆಂಟ್" ಸಾಕು. ನಾನು ತಿದ್ದುವ ಮೇಲ್‌ಗಳಲ್ಲಿ ಅತಿ ಹೆಚ್ಚು ಹೊಡೆದುಹಾಕುವ ಪದ ಯಾವುದು ಅಂದರೆ ಈ ಹ್ಯಾಡ್. ನಿಮ್ಮ ಮೇಲ್ ಕಳಿಸುವ ಮುಂಚೆ ಎಲ್ಲೆಲ್ಲಿ ಹ್ಯಾಡ್ ಇದೆ ಅಂತ ಹುಡುಕಿ, ತೆಗೆದು, "ಹ್ಯಾಡ್ ಗಾನ್" ಇದ್ದಲ್ಲಿ "ವೆಂಟ್" ಅನ್ನುವ ಹಾಗೆ ಕ್ರಿಯಾಪದ ಸರಿಮಾಡಿ ಓದಿ ನೋಡಿ. ಅರ್ಥ ಕೆಡದಿದ್ದರೆ ಅದು ಬೇಡವಾಗಿತ್ತು ಅಂತಲೇ ಲೆಕ್ಕ.

ಎರಡನೆಯದು "ನಿನ್ನೆಯೇ"ಯ ಏಕಾರ. ಒಂದಕ್ಷರದಲ್ಲಿ ಒತ್ತು ಕೊಡುವ ಸೌಕರ್ಯ ಇಂಗ್ಲಿಷಿಗಿಲ್ಲ, ಹಾಗಾಗಿ ನಾವು ಓನ್ಲಿ ತಂದು ಅಂಟಿಸುತ್ತೇವೆ. ಅದನ್ನು ಓದಿದವರಿಗೆ "ನಿನ್ನೆಯಷ್ಟೇ", ಅಂದರೆ ಅದಕ್ಕಿಂತ ಮುಂಚೆ ಕಳಿಸಲೇ ಇಲ್ಲ ಅಂತ ಅನಿಸಬಹುದು. ನೀವು ಹೇಳಹೊರಟದ್ದಕ್ಕೆ ತದ್ವಿರುದ್ಧ! ಓನ್ಲಿ ಬಿಡಿ, ಅದರ ಬದಲಿಗೆ ಏನನ್ನೂ ಸೇರಿಸಬೇಡಿ.

"ಎರಡು ತಿಂಗಳಿಂದ", "ಜನವರಿಯಿಂದ" ಎರಡಕ್ಕೂ ನಮ್ಮಲ್ಲಿ "ಇಂದ" ನಡೆಯುತ್ತದೆ. ಅವರಲ್ಲಿ ಶುರುವಾದ ದಿನ ಹೇಳಿದರೆ ಸಿನ್ಸ್, ಎಷ್ಟು ಕಾಲ ಅಂತ ಹೇಳಿದರೆ ಫಾರ್. ಸಿನ್ಸ್ ಜನವರಿ, ಫಾರ್ ಟೂ ಮಂತ್ಸ್. ಜೊತೆಗೆ "ಆಮ್ ವರ್ಕಿಂಗ್" ಹೋಗಿ "ಹ್ಯಾವ್ ಬೀನ್ ವರ್ಕಿಂಗ್" ಬರಬೇಕು. "ಡಿಸ್ಕಸ್ ಅಬೌಟ್" ಹುಟ್ಟಿದ್ದು "ಇದರ ಬಗ್ಗೆ ಚರ್ಚಿಸಿ" ಅನ್ನೋದರಿಂದ. ಡಿಸ್ಕಸ್ ಒಳಗೇ ಆ "ಬಗ್ಗೆ" ಇದೆ. ಮೆನ್ಷನ್, ಆರ್ಡರ್, ರಿಕ್ವೆಸ್ಟ್, ಎಂಫಸೈಜ್ ಕೂಡ ಇದೇ ಜಾತಿ, ಕ್ರಿಯಾಪದವಾಗಿ ಬಂದಾಗ ಮುಂದೆ ಅಬೌಟ್, ಫಾರ್, ಆನ್ ಹಚ್ಚಬಾರದು. ನಾಮಪದವಾದರೆ ಬೇರೆ ಮಾತು: "ಎ ರಿಕ್ವೆಸ್ಟ್ ಫಾರ್ ಲೀವ್" ಸರಿಯೇ. ಇನ್ನು ಸ್ಟಾಫ್, ಲಗೇಜ್, ಇನ್ಫರ್ಮೇಶನ್, ಫರ್ನಿಚರ್, ಇಕ್ವಿಪ್‌ಮೆಂಟ್: ಇವಕ್ಕೆ ಕೊನೆಯಲ್ಲಿ ಎಸ್ ಹಚ್ಚಬೇಡಿ. ರಿವರ್ಟ್ ನಮ್ಮ ಆಫೀಸುಗಳಲ್ಲಿ "ಉತ್ತರ ಕೊಡಿ" ಅಂತ ನಡೆಯುತ್ತೆ, ಆದರೆ ಹೊರದೇಶದವರಿಗೆ "ಮೊದಲಿದ್ದ ಸ್ಥಿತಿಗೆ ಮರಳಿ" ಅಂತಾಗುತ್ತೆ. ರಿಪ್ಲೈ ಅನ್ನಿ.

ತಿದ್ದಿದ ಮೇಲೆ: "ಐ ಸೆಂಟ್ ದ ಫೈಲ್ ಯೆಸ್ಟರ್‌ಡೇ. ಐ ಹ್ಯಾವ್ ಬೀನ್ ವರ್ಕಿಂಗ್ ಆನ್ ದಿಸ್ ಪ್ರಾಜೆಕ್ಟ್ ಫಾರ್ ಟೂ ಮಂತ್ಸ್. ಪ್ಲೀಸ್ ಡಿಸ್ಕಸ್ ದಿಸ್ ವಿತ್ ಯುವರ್ ಟೀಮ್ ಅಂಡ್ ರಿಪ್ಲೈ ಬೈ ಫ್ರೈಡೇ." ಶುಕ್ರವಾರ ನಾನು ಸೇರಿಸಿದ್ದು. ಯಾವಾಗ ಬೇಕು ಅಂತ ಹೇಳದ ಮೇಲ್‌ಗೆ ಉತ್ತರ ಬರೋದು ಕಷ್ಟ.

ಎಲ್ಲವನ್ನೂ ತಿದ್ದಿಕೊಳ್ಳಬೇಕು ಅಂತಲೂ ಇಲ್ಲ. ಪ್ರೀಪೋನ್, ಅಂದರೆ ಗೊತ್ತಾದ ಸಮಯಕ್ಕಿಂತ ಮುಂಚೆಗೆ ತರುವುದು, ಆ ಪದ ಬಳಸಬೇಡಿ ಅಂತ ಯಾರಾದರೂ ಬೈದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ, ಇಲ್ಲಿ ಎಲ್ಲರಿಗೂ ಅರ್ಥವಾಗುತ್ತೆ.

"ಒಂದು" ಅನ್ನೋ ಅರ್ಥದಲ್ಲಿ ಪದದ ಹಿಂದೆ ಹಾಕುವ ಎ ಮತ್ತು ಆನ್ ವಿಷಯದಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲ ಇದೆ. ಇಂಗ್ಲಿಷ್ ಸ್ಪೆಲಿಂಗ್ ನೋಡಲೇಬೇಡಿ, ಪದವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಬರೆಯಿರಿ. ಸ್ವರದಿಂದ ಶುರುವಾದರೆ ಆನ್, ವ್ಯಂಜನದಿಂದ ಶುರುವಾದರೆ ಎ. ಯೂನಿವರ್ಸಿಟಿ ಯಕಾರದಿಂದ, ಹಾಗಾಗಿ ಎ. ಅವರ್, ಅಂದರೆ ಗಂಟೆ, ಅಕಾರದಿಂದ, ಹಾಗಾಗಿ ಆನ್. ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟ್ ಎಕಾರದಿಂದ, ಆನ್. ಒಂದೇ ಎಚ್ಚರ: ನಮ್ಮಲ್ಲಿ ಹಲವರ ಬಾಯಲ್ಲಿ ಎಮ್ಮೆಲ್ಲೆ "ಯೆಮ್ಮೆಲ್ಲೆ" ಆಗುತ್ತೆ, ಓಲ್ಡ್ "ವೋಲ್ಡ್" ಆಗುತ್ತೆ. ಹಾಗೆ ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ. "ದ" ಎಲ್ಲಿ ಹಾಕಬೇಕು ಅನ್ನೋದಕ್ಕೆ ಇಷ್ಟು ಸುಲಭದ ದಾರಿ ಇಲ್ಲ, ಅದು ಓದಿ ಓದಿಯೇ ಬರಬೇಕು. ತಪ್ಪಿದರೂ ಮೇಲ್‌ನ ಅರ್ಥ ಕೆಡುವುದು ಅಪರೂಪ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಸ್ಪೆಲಿಂಗ್ ಬರಲ್ಲ ಅಂತ ನಾಚಿಕೊಳ್ಳಬೇಕಾಗಿಲ್ಲ. ಕನ್ನಡದಲ್ಲಿ ಉಚ್ಚರಿಸಿದಂತೆ ಬರೆದು ರೂಢಿಯಾದವರಿಗೆ ಇಂಗ್ಲಿಷ್ ಸ್ಪೆಲಿಂಗ್ ತಿಕ್ಕಲಾಗಿ ಕಾಣುವುದು ಸಹಜ. ವಿಲಿಯಂ ಕ್ಯಾಕ್ಸ್‌ಟನ್ ಅನ್ನುವ ಮುದ್ರಕ 1476ರಲ್ಲಿ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ. ಮುದ್ರಣದಿಂದಾಗಿ ಸ್ಪೆಲಿಂಗ್ ಮೆಲ್ಲಗೆ ಗಟ್ಟಿಯಾಗುತ್ತಾ ಹೋಯಿತು, ಉಚ್ಚಾರ ಮಾತ್ರ ಬದಲಾಗುತ್ತಲೇ ಇತ್ತು. ನೈಫ್‌ನ ಮೊದಲಿನ ಕೆ ಅಕ್ಷರವನ್ನು ಹಿಂದೆ ನಿಜಕ್ಕೂ ಉಚ್ಚರಿಸುತ್ತಿದ್ದರು. ಇನ್ನು ಡೆಟ್, ಅಂದರೆ ಸಾಲ, ಅದರೊಳಗಿನ ಬಿ ಇಂಗ್ಲಿಷಿನವರ ಬಾಯಲ್ಲಿ ಯಾವತ್ತೂ ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ಇದೆ ಅಂತ ಪಂಡಿತರು ತಂದು ಸೇರಿಸಿದ್ದು.

ಮಾಡಬಹುದಾದದ್ದು ಇಷ್ಟು. ತಪ್ಪುವ ಪದಗಳನ್ನು ಕನ್ನಡ ಓದಿದ ಹಾಗೆ ಅಕ್ಷರಕ್ಷರ ಒತ್ತಿ ಓದಿ, ಆ ಸುಳ್ಳು ಉಚ್ಚಾರವನ್ನು ಮನಸ್ಸಿನಲ್ಲಿ ಮಾತ್ರ ಇಟ್ಟುಕೊಳ್ಳಿ. ಮೇಷ್ಟ್ರು "ವೆಡ್-ನೆಸ್-ಡೇ" ಅಂತ ಬಾಯಿಪಾಠ ಮಾಡಿಸಿದ್ದು ಇದೇ ಉಪಾಯ. ಸೆಪರೇಟ್ ಬರೆಯುವಾಗ "ಸೆ-ಪಾ-ರಾ-ಟೆ" ಅನ್ನಿ, ನಡುವೆ ಇ ಬರಲ್ಲ, ಎ ಬರುತ್ತೆ. ಡೆಫಿನೆಟ್ಲಿಗೆ "ಡೆ-ಫಿ-ನಿ-ಟೆ-ಲಿ", ಗ್ರಾಮರ್‌ಗೆ "ಗ್ರಾಮ್ಮಾರ್". ಅಕಾಮಡೇಶನ್‌ಗೆ "ಅಕ್ಕೊಮ್ಮೊಡೇಶನ್" ಅಂತ ಒತ್ತಕ್ಷರ ಹಾಕಿ ಓದಿದರೆ ಎರಡು ಸಿ, ಎರಡು ಎಂ ಮರೆಯೋದೇ ಇಲ್ಲ. ಕಮಿಟಿಗೆ "ಕೊಮ್ಮಿಟ್ಟೀ". ನಗು ಬರಲಿ ಬಿಡಿ, ನಗು ಬಂದದ್ದು ನೆನಪಿರುತ್ತೆ.

ಇ-ಡಿ ಸೇರಿಸುವಾಗ ಕೊನೆಯ ಅಕ್ಷರ ಎರಡಾಗಬೇಕೋ ಬೇಡವೋ ಅನ್ನೋದು ಇನ್ನೊಂದು ತಲೆನೋವು. ಪದ ಒಂದು ಸ್ವರ, ಒಂದು ವ್ಯಂಜನದಲ್ಲಿ ಮುಗಿದು, ಹೇಳುವಾಗ ಒತ್ತು ಕೊನೆಯ ಭಾಗದ ಮೇಲೆ ಬಿದ್ದರೆ ಎರಡು. ಅಕರ್ (ಅಂದರೆ ಸಂಭವಿಸು), ರೆಫರ್ ಎರಡರಲ್ಲೂ ಒತ್ತು ಕೊನೆಗೆ, ಹಾಗಾಗಿ ಅಕರ್ಡ್, ರೆಫರ್ಡ್‌ಗಳಲ್ಲಿ ಎರಡು ಆರ್. ಆಫರ್, ವಿಸಿಟ್‌ಗಳಲ್ಲಿ ಒತ್ತು ಮೊದಲಿಗೆ, ಅಲ್ಲಿ ಒಂದೇ. ರೆಫರೆನ್ಸ್‌ನಲ್ಲಿ ಒತ್ತು ಪದದ ಮೊದಲಿಗೆ ಸರಿಯುತ್ತೆ, ಆರ್ ಮತ್ತೆ ಒಂದಾಗುತ್ತೆ. ಟ್ರಾವೆಲ್ಡ್, ಕ್ಯಾನ್ಸೆಲ್ಡ್ ಈ ಲೆಕ್ಕಕ್ಕೆ ಸಿಗಲ್ಲ: ಬ್ರಿಟಿಷ್ ಬರವಣಿಗೆಯಲ್ಲಿ ಎರಡು ಎಲ್, ಅಮೆರಿಕದವರಲ್ಲಿ ಒಂದು. ನಿಮ್ಮ ಕಂಪ್ಯೂಟರ್‌ನ ಭಾಷೆ ಅಮೆರಿಕನ್ ಇಂಗ್ಲಿಷ್‌ಗೆ ಸೆಟ್ ಆಗಿದ್ದರೆ ಬ್ರಿಟಿಷ್ ಸ್ಪೆಲಿಂಗ್‌ನಲ್ಲಿ ಸರಿಯಾಗಿಯೇ ಬರೆದ ಕಲರ್, ಸೆಂಟರ್‌ಗಳ ಕೆಳಗೂ ಕೆಂಪು ಗೆರೆ ಬರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಇಂಡಿಯಾದ ಇಂಗ್ಲಿಷ್ ಆರಿಸಿಕೊಳ್ಳಿ.

ಕೆಂಪು ಗೆರೆ ಇಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತ ಅಲ್ಲ. ಲೂಸ್ ಅನ್ನೋದರಲ್ಲಿ ಎರಡು ಓ ಬರೆದರೆ ಸಡಿಲ, ಒಂದು ಓ ಬರೆದರೆ ಕಳೆದುಕೊಳ್ಳುವುದು. ಎರಡೂ ನಿಜವಾದ ಪದ, ಸ್ಪೆಲ್‌ಚೆಕ್ ಸುಮ್ಮನಿರಬಹುದು. ಕ್ವೈಟ್ ಮತ್ತು ಕ್ವಯಟ್, ಫಾರ್ಮ್ ಮತ್ತು ಫ್ರಮ್ ಇದೇ ಗೋಳು. ಮ್ಯಾನೇಜರ್ ಪದದಲ್ಲಿ ಒಂದು ಎ ಬಿಟ್ಟುಹೋದರೆ ದನ ಮೇವು ತಿನ್ನುವ ಗೋದಲಿ ಆಗುತ್ತೆ. ಡಿಯರ್ ಗೋದಲಿ ಅಂತ ಹೋದ ಮೇಲ್ ನಾನೇ ನೋಡಿದ್ದೇನೆ, ಅವರು ಪಾಪ ಏನೂ ಅನ್ನಲಿಲ್ಲ.

ಎಐ ಕೈಲಿ ಬರೆಸಿದರೆ ಆಗಲ್ವಾ ಅಂತ ಕೆಳಗೆ ಇನ್ನೊಬ್ಬರು ಕೇಳಿದ್ದಾರೆ. ಬರೆಸಬಹುದು. ಆದರೆ ಮೂರು ಸಾಲಿನ ವಿಷಯ ಮೂರು ಪ್ಯಾರಾ ಆಗಿ ಬರುತ್ತೆ, ಎಲ್ಲರ ಮೇಲ್‌ಗಳೂ ಒಂದೇ ತರಹ ಇರುತ್ತವೆ. ಮೊದಲು ನೀವೇ ಬರೆಯಿರಿ. ಆಮೇಲೆ "ತಪ್ಪುಗಳನ್ನು ಮಾತ್ರ ತೋರಿಸು, ತಿದ್ದಿ ಬರೆಯಬೇಡ" ಅಂತ ಹೇಳಿ. ಅದು ತೋರಿಸಿದ್ದನ್ನೂ ಮ್ಯಾನೇಜರ್ ತಿದ್ದಿದ್ದನ್ನೂ ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕುತ್ತಾ ಬನ್ನಿ. ತಿಂಗಳೊಪ್ಪತ್ತಿನಲ್ಲಿ ಯಾವುದು ಪದೇ ಪದೇ ಬರ್ತಿದೆ ಅಂತ ಗೊತ್ತಾಗುತ್ತೆ. ಕಳಿಸುವ ಮುಂಚೆ ಅವಷ್ಟಕ್ಕೇ ಒಮ್ಮೆ ಓದಿ, ಎಲ್ಲವನ್ನೂ ಒಟ್ಟಿಗೆ ಹುಡುಕಲು ಹೋದರೆ ಒಂದೂ ಕಣ್ಣಿಗೆ ಬೀಳಲ್ಲ.

ದುಡ್ಡು ಕೊಟ್ಟು ಏನಾದರೂ ಕೊಳ್ಳಲೇಬೇಕು ಅಂತಿದ್ದರೆ ಗ್ರಾಮರ್ ಪುಸ್ತಕದ ಬದಲು ಕಲಿಯುವವರಿಗೆಂದೇ ಮಾಡಿದ ನಿಘಂಟು ಕೊಳ್ಳಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂವರದ್ದೂ ಇವೆ, ವೆಬ್‌ಸೈಟ್‌ನಲ್ಲಿ ಬಿಟ್ಟಿಯಾಗಿಯೂ ನೋಡಬಹುದು. ಪದಕ್ಕೆ ಎಸ್ ಹಚ್ಚಬಹುದೋ ಇಲ್ಲವೋ, ಮುಂದೆ ಯಾವ ಪದ ಬರಬೇಕು ಅನ್ನೋದು ಅಲ್ಲೇ ಉದಾಹರಣೆ ಸಮೇತ ಸಿಗುತ್ತೆ. ನಿಮ್ಮ ಬೇರೆ ಮೇಲ್‌ಗಳು ಇದ್ದರೆ ಕಂಪನಿ ಹೆಸರು, ಜನರ ಹೆಸರು ತೆಗೆದು ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳ್ತೀನಿ.